ಈಜುಕೊಳಕ್ಕೆ ಕತ್ತರಿ ಇಟ್ಟ ಮಾಸ್ಟರು

ಮೂವತ್ತೊಂದು ವರ್ಷ ಕತ್ತರಿ ಹಿಡಿದ ಕೈ ಇದು, ಒಂದೇ ಒಂದು ಬಟ್ಟೆ ಕೆಡಿಸಿದ ದಾಖಲೆ ಇಲ್ಲ ಎಂದು ಮಾಸ್ಟರು ಭಾನುವಾರ ಬೆಳಿಗ್ಗೆ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. ಸಂಜೆ ನಾಲ್ಕಕ್ಕೆ ಸರಿಯಾಗಿ ಹಿತ್ತಲಿನ ಈಜುಕೊಳಕ್ಕೆ ಕಸ ಹಿಡಿಯುವ ಸ್ಕಿಮ್ಮರ್ ಕೂತಿರುತ್ತದೆ. ನಾಲ್ಕೂ ಐದಕ್ಕೆ ಹೆಂಡತಿ ಕನ್ನಡಿಯಂಥ ನೀರಿಗೆ ಕಾಲಿಡುತ್ತಾಳೆ. ಪ್ಲಂಬರ್ ಎಂಬ ಪ್ರಾಣಿಯ ನೆರಳು ಕೂಡ ಈ ಮನೆಯ ಮೇಲೆ ಬೀಳುವುದಿಲ್ಲ.

"ಆ ಪ್ರಾಣಿ ನನ್ನ ತಮ್ಮ ಕಣ್ರೀ," ಎಂದರು ಹೆಂಡತಿ, ಮಕ್ಕಳ ಉತ್ತರಪತ್ರಿಕೆಯಿಂದ ತಲೆ ಎತ್ತದೆ.

"ಅದಕ್ಕೇ ಹೇಳಿದ್ದು," ಎಂದರು ಮಾಸ್ಟರು.

ಮಾಸ್ಟರು ಎಂದರೆ ಪಾಠ ಹೇಳುವವರಲ್ಲ, ಬಟ್ಟೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಪಾಠ ಹೇಳುವವರು ಅವರ ಹೆಂಡತಿ. ಬೀದಿಯವರಿಗೆಲ್ಲ ಅವರು ಟೀಚರು. ಮಾಸ್ಟರ ಆಳ್ವಿಕೆ ಅಂಗಡಿಯ ಹೊಸ್ತಿಲಿನ ತನಕ ನಡೆಯುತ್ತಿತ್ತು. ಅಲ್ಲಿಂದ ಒಳಗೆ ಟೀಚರ ಮಾತೇ ಮಾತು. ಮದುವೆಯಾದಾಗಿನಿಂದ ಈ ಗಡಿಯ ಬಗ್ಗೆ ಯಾವ ತಂಟೆ ತಕರಾರೂ ಬಂದಿರಲಿಲ್ಲ.

ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮುಂದೆ ನಿಂತೂ ನಿಂತೂ ಟೀಚರ ಮೊಣಕಾಲು ಸವೆದುಹೋಗಿದ್ದವು. ಮೆಟ್ಟಿಲು ಹತ್ತುವಾಗ ಅವರು ಕಂಬಿ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲಿಗೆ ಒಂದೊಂದು ನಿಟ್ಟುಸಿರು ಬಿಡುವುದನ್ನು ನೋಡಿದರೆ ಮಾಸ್ಟರು ಕೈಯಲ್ಲಿದ್ದ ಬಟ್ಟೆ ಬಿಟ್ಟು ಓಡಿ ಬರುತ್ತಿದ್ದರು. ಡಾಕ್ಟರು ಹೇಳಿದ್ದು ಇಷ್ಟೇ: "ದಿನಾ ಅರ್ಧ ಗಂಟೆ ಸೊಂಟದ ಮಟ್ಟದ ನೀರಲ್ಲಿ ನಡೀರಿ. ಆರು ವಾರ ತಪ್ಪಿಸ್ಬೇಡಿ. ಆಗ್ಲೂ ಕಡ್ಮೆ ಆಗ್ದಿದ್ರೆ ಕತ್ತರಿ ಹಾಕ್ಲೇಬೇಕಾಗುತ್ತೆ." ಕತ್ತರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಮಾಸ್ಟರು ಬೆವೆತುಹೋದರು. ಈ ಭೂಮಂಡಲದಲ್ಲಿ ತಮ್ಮದನ್ನು ಬಿಟ್ಟು ಬೇರೆ ಯಾರ ಕತ್ತರಿಯ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ.

ಮಾರನೆಯ ದಿನವೇ ಕೊಳ ಬಂತು. ನೆಲ ಅಗೆದು ಕಟ್ಟುವ ಕೊಳವಲ್ಲ, ನೆಲದ ಮೇಲೇ ಹರಡಿ ನೀರು ತುಂಬಿಸುವ ದುಂಡನೆಯ ನೀಲಿ ಕೊಳ. ಇದರ ಗೋಡೆಗೆ ಇಟ್ಟಿಗೆ ಇಲ್ಲ, ತಗಡು ಇಲ್ಲ. ರೆಕ್ಸಿನ್‌ನಂಥ ದಪ್ಪ ಬಟ್ಟೆ, ಅಷ್ಟೇ. ಮೇಲಂಚಿಗೆ ಸುತ್ತಲೂ ಗಾಳಿ ತುಂಬಿದ ಟ್ಯೂಬು. ಒಳಗೆ ನೀರು ಏರಿದಂತೆ ಟ್ಯೂಬು ತೇಲಿಕೊಂಡು ಗೋಡೆಯನ್ನೂ ಮೇಲಕ್ಕೆ ಎಳೆಯುತ್ತದೆ. ನೀರು ತೆಗೆದರೆ ಕಳಚಿಬಿದ್ದ ಲಂಗದ ಹಾಗೆ ನೆರಿಗೆ ನೆರಿಗೆಯಾಗಿ ಕುಸಿದು ಕೂರುತ್ತದೆ. ಮಾಸ್ಟರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಬಟ್ಟೆ ಚೆನ್ನಾಗಿದೆ," ಎಂದು ಸರ್ಟಿಫಿಕೇಟು ಕೊಟ್ಟರು.

ತೊಂದರೆ ಬಂದದ್ದು ಪಕ್ಕದ ಮನೆಯ ಮರದಿಂದ. ಅಲ್ಲಿರುವವರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಹಿರಿಯರು. ಅವರ ಮರ ಮಾತ್ರ ಒಂದು ದಿನವೂ ರಜೆ ಹಾಕದೆ ಎಲೆ ಉದುರಿಸುತ್ತಿತ್ತು. ಎಲೆಯ ಜೊತೆ ಹುಳ ಹುಪ್ಪಟೆ. ಮೂರನೆಯ ದಿನ ಸತ್ತ ಜೀರುಂಡೆಯೊಂದು ಟೀಚರ ಮೊಣಕಾಲಿಗೇ ಅಂಟಿಕೊಂಡಿತು. ಅವರು ನೀರಿಂದ ಎದ್ದು ಬಂದು, "ಆ ನೀರು ಚೊಕ್ಕಟ ಆಗೋವರೆಗೂ ನಾನು ಕಾಲಿಡಲ್ಲ," ಎಂದು ಟವೆಲು ಸುತ್ತಿಕೊಂಡರು. ಈ ಭಾನುವಾರ ಬರುವಷ್ಟರಲ್ಲಿ ಹಾಗೆ ಐದು ದಿನ ಹಾಳಾಗಿತ್ತು.

ಅದಕ್ಕೆ ಮದ್ದೇ ಸ್ಕಿಮ್ಮರು. ನೀರಿನ ಮಟ್ಟಕ್ಕೆ ಬಾಯಿ ತೆರೆದುಕೊಂಡು ಗೋಡೆಗೆ ಕೂರುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ತೇಲುವ ಕಸವೆಲ್ಲ ಆ ಬಾಯಿಗೆ ಬಂದು ಒಳಗಿನ ಬುಟ್ಟಿಗೆ ಬೀಳಬೇಕು. ಅದನ್ನು ಕೂರಿಸಲು ಗೋಡೆಯಲ್ಲಿ ಒಂದು ಕಿಟಕಿ ಕತ್ತರಿಸಬೇಕು. ಅಂದರೆ ಬಟ್ಟೆ ಕತ್ತರಿಸಬೇಕು! ಇದಕ್ಕೆ ಪ್ಲಂಬರ್ ಯಾಕೆ?

ಫೋನಿನಲ್ಲಿ ಭಾಮೈದ ಬೇಡಿಕೊಂಡಿದ್ದ. "ಭಾವ, ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ. ಮುಂದಿನ ಭಾನುವಾರ ನಾನೇ ಬರ್ತೀನಿ."

ಇನ್ನೊಂದು ವಾರ ಕಾಯುವುದೆಂದರೆ ಟೀಚರ ಮೊಣಕಾಲಿಗೆ ಇನ್ನೊಂದು ವಾರ ನಷ್ಟ. ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಮಾಸ್ಟರು ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಅಡುಗೆಮನೆಯ ನಲ್ಲಿ ಸೋರಿದಾಗ ಅವರು ಕೋಟಿನ ಭುಜಕ್ಕೆ ತುಂಬುವ ಹತ್ತಿಯನ್ನು ಅದರ ಬಾಯಿಗೆ ತುರುಕಿ ದಾರ ಸುತ್ತಿದ್ದರು. ಭಾಮೈದ ಆ ಕಥೆಯನ್ನು ನೆಂಟರು ಸೇರಿದಲ್ಲೆಲ್ಲ ಕೈ ಬಾಯಿ ತಿರುಗಿಸಿ ಅಭಿನಯಿಸಿ ತೋರಿಸುತ್ತಿದ್ದ. ಪ್ರತಿ ಸಲವೂ ಹತ್ತಿ ಸ್ವಲ್ಪ ಹೆಚ್ಚಾಗುತ್ತಿತ್ತು.

ಕೆಲಸ ಶುರುವಾಯಿತು.

"ಮೊದ್ಲು ಈ ಕಾಗದ ಪೂರ್ತಿ ಓದಿ," ಎಂದು ಟೀಚರು ಪೆಟ್ಟಿಗೆಯ ಜೊತೆ ಬಂದ ಸೂಚನೆಯ ಹಾಳೆಯನ್ನು ಮುಂದೆ ಹಿಡಿದರು.

"ಕಾಗದ ನೋಡ್ಕೊಂಡು ಕತ್ತರಿ ಹಿಡಿಯೋನು ಮಾಸ್ಟರ್ ಏನೇ? ಚಿತ್ರ ನೋಡಿದ್ದೀನಿ, ಸಾಕು."

"ಫೇಲಾಗೋ ಮಕ್ಕಳೂ ಹಿಂಗೇ ಹೇಳ್ತವೆ."

ಒಂದು ವಿಷಯ ಒಪ್ಪಲೇಬೇಕು. ಮಾಸ್ಟರು ಅಳತೆಯಲ್ಲಿ ತಪ್ಪುವವರಲ್ಲ. ಬಟ್ಟೆಯನ್ನು ಮೈಮೇಲೆ ಹಾಕಿಸಿ ನೋಡದೆ ಗುರುತು ಮಾಡಬಾರದು ಎಂಬುದು ಅವರ ವೃತ್ತಿಧರ್ಮ. ಹಾಗಾಗಿ ಕೊಳಕ್ಕೂ ಟ್ರಯಲ್ ನೋಡಿದರು. ನೀರು ಪೂರ್ತಿ ತುಂಬಿ ಗೋಡೆ ಉಬ್ಬಿ ನಿಂತಿರುವಾಗಲೇ ಟೇಪು ಹಿಡಿದು ಅಳೆದರು. ಸೀಮೆಸುಣ್ಣ ಒದ್ದೆ ಬಟ್ಟೆಯ ಮೇಲೆ ಹತ್ತಲಿಲ್ಲ. ಟೀಚರ ಕೆಂಪು ಮಾರ್ಕರು ಕಸಿದುಕೊಂಡು ಕಿಟಕಿಯ ನಾಲ್ಕು ಮೂಲೆಗೂ ಚುಕ್ಕೆ ಇಟ್ಟು ಗೆರೆ ಎಳೆದರು. ಆ ಗೆರೆಯನ್ನು ನೋಡಿದರೆ ಯಾವ ಎಂಜಿನಿಯರೂ ಟೋಪಿ ತೆಗೆಯಬೇಕು.

ಆಮೇಲೆ ಪೈಪು ಇಟ್ಟು ನೀರನ್ನು ಗೆರೆಗಿಂತ ಎಷ್ಟೋ ಕೆಳಗಿಳಿಸಿದರು. ಟ್ಯೂಬು ಕೆಳಗಿಳಿಯಿತು, ಗೋಡೆ ಸಡಿಲವಾಯಿತು, ಬಟ್ಟೆ ನೆರಿಗೆ ನೆರಿಗೆಯಾಗಿ ಮಾಸ್ಟರ ಕೈಗೆ ಬಂತು. ಆ ಕ್ಷಣದಲ್ಲಿ ಅವರಿಗಾದ ಆನಂದವನ್ನು ಏನೆಂದು ಹೇಳುವುದು! ಇಷ್ಟು ಹೊತ್ತು ಈಜುಕೊಳವಾಗಿದ್ದದ್ದು ಈಗ ಬರೀ ಬಟ್ಟೆ. ಅವರ ರಾಜ್ಯದ ಪ್ರಜೆ.

ರವಿಕೆಗೆ ಕುತ್ತಿಗೆ ತೆಗೆಯುವ ಕ್ರಮ ನೋಡಿದವರಿಗೆ ಗೊತ್ತು. ಯಾವ ದರ್ಜಿಯೂ ಪೂರ್ತಿ ಕುತ್ತಿಗೆಯನ್ನು ಹರಡಿಕೊಂಡು ಕತ್ತರಿಸುವುದಿಲ್ಲ. ಬಟ್ಟೆಯನ್ನು ನಟ್ಟನಡುವೆ ಮಡಿಸಿ ಅರ್ಧ ಮಾತ್ರ ಕತ್ತರಿಸುತ್ತಾನೆ. ಬಿಡಿಸಿದರೆ ಎಡಬಲ ಒಂದಿಂಚೂ ಹೆಚ್ಚುಕಡಿಮೆ ಇಲ್ಲದೆ ಪೂರ್ತಿ ಕುತ್ತಿಗೆ ಬರುತ್ತದೆ. ಮಾಸ್ಟರೂ ಹಾಗೇ ಗೋಡೆಯನ್ನು ಕೆಂಪು ಗೆರೆಯ ನಡುವೆ ಸರಿಯಾಗಿ ಮಡಿಸಿದರು. ಇಲ್ಲಿಯ ತನಕ ಎಲ್ಲವೂ ಸರಿಯೇ. ಆದರೆ ರವಿಕೆಗೆ ಮುಂಭಾಗ ಒಂದು, ಹಿಂಭಾಗ ಒಂದು ಇರುತ್ತದಲ್ಲ. ಎರಡನ್ನೂ ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಕತ್ತರಿಸಿದರೆ ಅರ್ಧ ಕೆಲಸ ಉಳಿತಾಯವಾಗುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ ಇರುವ ಕೈಗೆ ತಲೆಯ ಅಪ್ಪಣೆ ಬೇಕಾಗುವುದಿಲ್ಲ. ಅವರ ಎಡಗೈ ತನ್ನಷ್ಟಕ್ಕೆ ತಾನೇ ಪಕ್ಕದ ಸಡಿಲ ಗೋಡೆಯನ್ನೂ ಎಳೆದು, ಮಡಿಸಿ, ಅಂಚಿಗೆ ಅಂಚು ಕೂಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಬಿಟ್ಟಿತು.

ದೊಡ್ಡ ಕತ್ತರಿ ಕರಕರ ಸದ್ದು ಮಾಡುತ್ತಾ ಸಾಗಿತು.

"ಎಂಥಾ ಗಟ್ಟಿ ಬಟ್ಟೆ ನೋಡೇ," ಎಂದು ಮಾಸ್ಟರು ಹಲ್ಲು ಕಚ್ಚಿಕೊಂಡು ಮೆಚ್ಚಿದರು. "ನಾಲ್ಕು ಪದರದಷ್ಟು ದಪ್ಪ ಇದೆ."

ಕ್ಲಿಪ್ಪು ತೆಗೆದು ಕೆಂಪು ಗುರುತಿನ ಜಾಗ ಬಿಡಿಸಿದಾಗ ಕಿಟಕಿ ಬಂದಿತ್ತು. ಕಣ್ಣಿಗೆ ಒತ್ತಿಕೊಳ್ಳುವಂಥ ಕಿಟಕಿ. ಟೀಚರಿಗೂ ಒಳಗೊಳಗೇ ಖುಷಿಯಾಯಿತು. ನೆಲಕ್ಕೆ ಬಿದ್ದ ತುಂಡುಗಳನ್ನು ಎತ್ತಿಕೊಂಡು ಅವರು ಒಂದು ಕ್ಷಣ ನಿಂತರು.

"ರೀ, ತುಂಡು ಎರಡಿದೆ."

"ಯಾವಾಗ್ಲೂ ಎರಡೇ ಬರೋದು. ಮುಂದಿಂದೊಂದು, ಹಿಂದಿಂದೊಂದು," ಎಂದರು ಮಾಸ್ಟರು, ಸ್ಕ್ರೂ ಹುಡುಕುತ್ತಾ.

ಟೀಚರಿಗೆ ಹೊಲಿಗೆಯ ವಿಷಯದಲ್ಲಿ ಗಂಡನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಎರಡನ್ನೂ ಎತ್ತಿ ಪಕ್ಕಕ್ಕೆ ಇಟ್ಟರು.

ಸ್ಕಿಮ್ಮರು ಕೂತ ರೀತಿ ನೋಡಬೇಕಿತ್ತು. ರಬ್ಬರ್ ಪಟ್ಟಿ, ಅದರ ಮೇಲೆ ಚೌಕಟ್ಟು, ಸುತ್ತಲೂ ಸ್ಕ್ರೂ. ಗುಂಡಿ ಹಾಕಿದಷ್ಟು ಸಲೀಸಾಗಿ ಕೂತಿತು. ಪೆಟ್ಟಿಗೆಯ ಅಡಿಯಲ್ಲಿ ಒಂದು ತೂತಿತ್ತು. ಜೊತೆಗೆ ಒಂದು ಮುಚ್ಚಳವೂ ಬಂದಿತ್ತು. ತೂತು ಇರುವುದೇ ಮುಚ್ಚುವುದಕ್ಕೆ ಎಂದು ಮಾಸ್ಟರು ಅದನ್ನು ಗಟ್ಟಿಯಾಗಿ ತಿರುಗಿಸಿ ಮುಚ್ಚಿದರು. ನಲ್ಲಿ ಬಿಟ್ಟರು. ಗಂಟೆ ಇನ್ನೂ ಒಂದೂವರೆ. ಟೀಚರು ಈಜುಡುಪು ಹಾಕಿ, ತಲೆಗೆ ರಬ್ಬರ್ ಟೋಪಿ ಏರಿಸಿ, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸಿದ್ಧರಾದರು. ನೀರು ಏರಿತು, ಟ್ಯೂಬು ಎದ್ದಿತು, ಗೋಡೆಯ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಾಸ್ಟರು ಮೀಸೆಯ ಮೇಲೆ ಕೈ ಆಡಿಸುತ್ತಾ ಕೊಳದ ಸುತ್ತ ಗಸ್ತು ತಿರುಗುತ್ತಿದ್ದರು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಗಾರ್ಡ್ ಸಾಹೇಬರ ತಲೆ ಎದ್ದಿತು.

"ಮಾಸ್ಟ್ರೇ, ನಮ್ಮ ಕಡೆಗೂ ಒಂದು ಕಿಟಕಿ ಇಟ್ಟಿದ್ದೀರಲ್ಲ. ಅದು ಯಾವುದಕ್ಕೆ?"

"ಯಾವ ಕಿಟಕಿ?"

"ಇದೇ, ಈಗ ನೀರು ಬರ್ತಾ ಇದೆಯಲ್ಲ, ಅದು."

ಮಾಸ್ಟರು ಓಡಿ ಹೋಗಿ ನೋಡಿದರೆ, ಇಷ್ಟು ಹೊತ್ತು ನೆರಿಗೆಯೊಳಗೆ ಅಡಗಿದ್ದ ಎರಡನೆಯ ಕಿಟಕಿ ಅಚ್ಚುಕಟ್ಟಾಗಿ ಬಾಯಿ ಬಿಟ್ಟುಕೊಂಡು ನಿಂತಿತ್ತು. ಮೊದಲನೆಯದರ ಅವಳಿ. ಎತ್ತರ, ಅಗಲ, ಮೂಲೆ ಯಾವುದರಲ್ಲೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಅದರ ಮೂಲಕ ನೀರು ನೇರವಾಗಿ ಗಾರ್ಡ್ ಸಾಹೇಬರ ತರಕಾರಿ ಮಡಿಗೆ ಪ್ರಯಾಣ ಬೆಳೆಸಿತ್ತು.

"ನಲ್ಲಿ ನಿಲ್ಸೇ!"

ಟೀಚರು ನಲ್ಲಿ ನಿಲ್ಲಿಸಿದರು. ಆದರೂ ಕಿಟಕಿಯ ಕೆಳಗಿನ ಅಂಚಿಗೆ ಇಳಿಯುವ ತನಕ ನೀರು ಯಾರ ಮಾತೂ ಕೇಳಲಿಲ್ಲ. ಗಾರ್ಡ್ ಸಾಹೇಬರು ಮಡಿಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು, "ಮುಂದಿನ ಗಾಡಿ ಎಷ್ಟು ಹೊತ್ತಿಗೆ ಅಂತ ಮೊದ್ಲೇ ಹೇಳ್ಬಿಡಿ ಮಾಸ್ಟ್ರೇ, ಟೊಮೇಟೊ ಕಿತ್ತು ಇಟ್ಕೋತೀನಿ," ಎಂದರು.

ಟೀಚರು ಎರಡು ತುಂಡುಗಳನ್ನೂ ಎರಡು ಕೈಯಲ್ಲಿ ಹಿಡಿದು ಗಂಡನ ಮುಂದೆ ಬಂದು ನಿಂತರು. ತರಗತಿಯಲ್ಲಿ ಹಾಗೆ ಸುಮ್ಮನೆ ನಿಂತರೇ ಮಕ್ಕಳು ಅಳುತ್ತಿದ್ದವಂತೆ.

"ನನ್ನ ತಮ್ಮಂಗೆ ಫೋನ್ ಮಾಡ್ಲಾ?"

"ಬೇಡ. ಹರಿದಿದ್ದನ್ನ ಹೊಲಿಯೋಕೆ ಬರ್ದೇ ಇರೋನು ಕತ್ತರಿ ಹಿಡೀಬಾರ್ದು. ದಪ್ಪ ಸೂಜಿ ತಗೊಂಬಾ, ಜೀನ್ಸ್ ದಾರ ತಗೊಂಬಾ."

ಮೆಷಿನ್ನನ್ನು ಕೊಳದೊಳಗೆ ಇಳಿಸುವಂತಿರಲಿಲ್ಲವಾದ್ದರಿಂದ ಕೈಹೊಲಿಗೆಯೇ ಗತಿಯಾಯಿತು. ಮಾಸ್ಟರು ಪ್ಯಾಂಟು ಮಡಚಿ ಕೊಳದ ಒಳಗೆ ಇಳಿದರು, ಟೀಚರು ಹೊರಗೆ ಕುರ್ಚಿಯಲ್ಲಿ ಕೂತರು. ತುಂಡನ್ನು ಅದರ ಜಾಗಕ್ಕೇ ಇಟ್ಟು, ಅದರ ಹಿಂದೆ ಮಳೆಯಂಗಿಯ ಬಟ್ಟೆಯ ತೇಪೆ ಕೊಟ್ಟು, ಅವರು ಒಳಗಿಂದ ಸೂಜಿ ಚುಚ್ಚುವುದು, ಇವರು ಹೊರಗಿಂದ ಎಳೆದು ವಾಪಸು ಚುಚ್ಚುವುದು.

"ಅಯ್ಯೋ, ನನ್ನ ಬೆರಳು ಕಣೇ ಅದು."

"ಗೋಡೆ ಆಚೆ ಬೆರಳಿದೆಯೋ ಬಟ್ಟೆಯಿದೆಯೋ ನನಗೇನು ಕಾಣುತ್ತೆ? ಕೈ ಎಲ್ಲಿದೆ ಅಂತ ಹೇಳ್ತಾ ಇರಿ."

"ಎಡಗಡೆ. ಎಡಗಡೆ ಅಂದ್ನಲ್ಲ."

"ನಿಮ್ಮ ಎಡಗಡೆಯೋ ನನ್ನ ಎಡಗಡೆಯೋ?"

ಹೀಗೆ ಒಂದೂವರೆ ಗಂಟೆ ನಡೆಯಿತು. ಮುಗಿದಾಗ ಮಾಸ್ಟರ ಬೆರಳುಗಳಲ್ಲಿ ಏಳು ಕಡೆ ರಕ್ತ ಬಂದಿತ್ತು. ಆದರೆ ಹೊಲಿಗೆ ಹೇಗಿತ್ತು ಗೊತ್ತೇ! ಎರಡು ಸಾಲು, ಸಾಸಿವೆ ಕಾಳಿನಷ್ಟು ಚಿಕ್ಕ ಚಿಕ್ಕ ಹೊಲಿಗೆ, ಎಲ್ಲೂ ಸೊಟ್ಟ ಇಲ್ಲ, ಸುಕ್ಕು ಇಲ್ಲ. ಇಂಥ ಕೆಲಸವನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕು ಎಂದು ಅವರಿಗೆ ಅನ್ನಿಸಿತು. ಮತ್ತೆ ನಲ್ಲಿ ಬಿಟ್ಟರು.

ಚಿಕ್ಕ ಹೊಲಿಗೆ ಎಂದರೆ ಹೆಚ್ಚು ತೂತು. ಮನೆಯಲ್ಲೇ ಟೀಚರಿದ್ದರೂ ಈ ಸರಳ ಗಣಿತ ಮಾಸ್ಟರಿಗೆ ಹೊಳೆದಿರಲಿಲ್ಲ. ನೀರು ತೇಪೆಯ ಮಟ್ಟ ಮುಟ್ಟಿದ್ದೇ ತಡ, ಕೆಳಗಿನ ಸಾಲಿನಿಂದ ದಾರದಷ್ಟು ತೆಳುವಾದ ಒಂದು ಚಿಲುಮೆ ಹಾರಿತು. ಆಮೇಲೆ ಅದರ ಪಕ್ಕ ಇನ್ನೊಂದು. ಆಮೇಲೆ ಎಣಿಸುವ ಪ್ರಶ್ನೆಯೇ ಇರಲಿಲ್ಲ. ಇನ್ನೂರು ಚಿಲ್ಲರೆ ಚಿಲುಮೆಗಳು ಸಾಲಾಗಿ, ಸಮವಾಗಿ, ಬಿಸಿಲಲ್ಲಿ ಮಿರುಗುತ್ತಾ ಕಾಂಪೌಂಡು ದಾಟಿದವು. ಗಾರ್ಡ್ ಸಾಹೇಬರು ಒಳಗೆ ಹೋಗಿ ಕೊಡೆ ತಂದುಕೊಂಡು, ಅದನ್ನು ಬಿಚ್ಚಿ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ನಿಂತರು. ಇಂಥ ನೋಟವನ್ನು ಬಿಟ್ಟು ಒಳಗೆ ಕೂರುವ ಮನುಷ್ಯ ಅವರಲ್ಲ.

ಮಾಸ್ಟರು ಹೊರಗಿನಿಂದ ಎರಡೂ ಅಂಗೈ ಒತ್ತಿ ಹಿಡಿದರು. ಸಾಲದೆ ಹೋಯಿತು. ಮೊಣಕೈ ಒತ್ತಿದರು. ಕೊನೆಗೆ ಬರುವುದು ಬರಲಿ ಎಂದು ಟ್ಯೂಬಿನ ಮೇಲೆ ಬಾಗಿ, ಎದೆ ಹೊಟ್ಟೆ ಎಲ್ಲ ಸೇರಿಸಿ ಇಡೀ ಮೈಯನ್ನೇ ಗೋಡೆಗೆ ಆನಿಸಿದರು.

"ಅದಕ್ಕೆ ಒರಗ್ಬೇಡ್ರೀ!" ಎಂದು ಟೀಚರು ಹಿತ್ತಲ ಬಾಗಿಲಿಂದ ಕೂಗುವಷ್ಟರಲ್ಲಿ ತಡವಾಗಿತ್ತು.

ಮೆತ್ತನೆಯ ಗೋಡೆಯ ಕೊಳವನ್ನು ಎತ್ತಿ ಹಿಡಿದಿರುವುದು ಆ ಗಾಳಿಯ ಟ್ಯೂಬು. ಅದರ ಮೇಲೆ ಎಪ್ಪತ್ತೆಂಟು ಕಿಲೋದ ಮಾಸ್ಟರು ಬಿದ್ದರೆ ಅದು ತಲೆ ಬಾಗಿಸದೆ ಇನ್ನೇನು ಮಾಡೀತು? ಬಾಗಿತು. ಕೊಳದ ನೀರೆಲ್ಲ ಒಂದೇ ಮನಸ್ಸಿನಿಂದ ಆ ಕಡೆಗೆ ಹೊರಟಿತು. ಮಾಸ್ಟರನ್ನು ಎತ್ತಿಕೊಂಡು, ಕುರ್ಚಿ, ಬಕೆಟ್ಟು, ಚಪ್ಪಲಿ, ಸೂಚನೆಯ ಹಾಳೆ ಎಲ್ಲವನ್ನೂ ಸೇರಿಸಿಕೊಂಡು ಹಿತ್ತಲಿನ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೋಯಿತು. ಬಟ್ಟೆ ಒಗೆಯುವ ಕಲ್ಲು ಅಡ್ಡ ಬಂದದ್ದರಿಂದ ಮಾಸ್ಟರು ಅಲ್ಲಿಗೆ ನಿಂತರು. ಒಳಗೆ ಗಡಿಯಾರ ನಾಲ್ಕು ಹೊಡೆಯಿತು.

ಟೀಚರು ಬಾಗಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಕೆಸರು ದಾಟಿಕೊಂಡು ಬಂದರು. ಬೈಗುಳಕ್ಕೆ ಮಾಸ್ಟರು ಸಿದ್ಧರಾಗಿದ್ದರು. ಕೆಸರಲ್ಲಿ ಕೂತಲ್ಲಿಂದಲೇ, ತಲೆ ತಗ್ಗಿಸಿ ಹೇಳಿದರು: "ಇವತ್ತಿಗೆ ಆರು ದಿನ ಹಾಳಾಯ್ತು ಕಣೇ. ಎಲ್ಲಾ ನನ್ನಿಂದ. ಆ ಡಾಕ್ಟರು ನಿನ್ನ ಮೊಣಕಾಲಿಗೆ ಕತ್ತರಿ ಹಾಕಿಬಿಟ್ರೆ ಅನ್ನೋದೊಂದೇ ಭಯ ನಂಗೆ. ರಾತ್ರಿಯೆಲ್ಲಾ ನಿದ್ದೆ ಬರಲ್ಲ."

ಟೀಚರ ಮುಖದಲ್ಲಿ ಏನೋ ಬದಲಾಯಿತು. ಗಂಡನ ತಲೆಯ ಮೇಲೆ ಕೂತಿದ್ದ ಎಲೆಯೊಂದನ್ನು ತೆಗೆದರು. ಕಿವಿಯ ಹಿಂದೆ ಇನ್ನೊಂದಿತ್ತು, ಅದನ್ನೂ ತೆಗೆದರು. ಆಮೇಲೆ ನಗು ತಡೆಯಲಾರದೆ ಒಗೆಯುವ ಕಲ್ಲಿನ ಮೇಲೆ ಕೂತು, ರಬ್ಬರ್ ಟೋಪಿ ಕಳಚಿಬೀಳುವಷ್ಟು ನಕ್ಕರು. ಕೊಡೆಯ ಕೆಳಗೆ ಗಾರ್ಡ್ ಸಾಹೇಬರೂ ನಕ್ಕರು. ಕೊನೆಗೆ ಮಾಸ್ಟರಿಗೂ ನಗದೆ ಬೇರೆ ದಾರಿ ಇರಲಿಲ್ಲ.

ಟೀಚರ ಫೋನು ಹೋದದ್ದೇ, ಸಂಜೆ ಭಾಮೈದ ಇದ್ದ ಕೆಲಸ ಬಿಟ್ಟು ಬಂದ. ಕೊಳವನ್ನು ಒಂದು ಸುತ್ತು ಹಾಕಿದ, ಎರಡು ಸುತ್ತು ಹಾಕಿದ, ಎರಡನೆಯ ಕಿಟಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹೊಲಿಗೆಯ ಮೇಲೆ ಬೆರಳು ಎಳೆದ.

"ಭಾವ, ಹೊಲಿಗೆ ಮಾತ್ರ ಅದ್ಭುತ," ಎಂದ. ಅವನ ಕಣ್ಣು ಆಗಲೇ ಮುಂದಿನ ನೆಂಟರ ಸಭೆಯನ್ನು ನೋಡುತ್ತಿತ್ತು.

ಅಂಟು ಹಚ್ಚಿ, ಒಳಗೊಂದು ಹೊರಗೊಂದು ದಪ್ಪ ತೇಪೆ ಅಂಟಿಸಿ, ಅರ್ಧ ಗಂಟೆಯಲ್ಲಿ ಅವನು ಕಿಟಕಿ ಮುಚ್ಚಿದ. ಸ್ಕಿಮ್ಮರನ್ನು ಅಲ್ಲಾಡಿಸಿ ನೋಡಿ, "ಇದನ್ನ ಪರವಾಗಿಲ್ಲ, ಚೆನ್ನಾಗೇ ಕೂರಿಸಿದ್ದೀರಿ," ಎಂದ. ಮಾಸ್ಟರ ಎದೆ ಸ್ವಲ್ಪ ಉಬ್ಬಿತು. ಆಮೇಲೆ ಅವನು ಬಗ್ಗಿ ಪೆಟ್ಟಿಗೆಯ ಅಡಿಯ ಮುಚ್ಚಳ ಮುಟ್ಟಿ, ಅತ್ತಿತ್ತ ನೋಡಿದ.

"ಪಂಪ್ ಎಲ್ಲಿ ಭಾವ?"

"ಯಾವ ಪಂಪು?"

"ನೀರು ಎಳೆಯೋ ಪಂಪು. ಈ ತೂತಿಗೆ ಪೈಪು ಹಾಕಿ ಪಂಪ್ ಕೂಡಿಸ್ಬೇಕು. ಅದು ಎಳೆದ್ರೆ ತಾನೆ ಕಸ ಒಳಗೆ ಬರೋದು? ಇಲ್ದಿದ್ರೆ ಇದು ಬರೀ ಬಾಯಿ ಬಿಟ್ಕೊಂಡು ನಿಂತಿರುತ್ತೆ."

ಮಾಸ್ಟರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಸ್ಕಿಮ್ಮರು ಕೊಂಡ ಅಂಗಡಿಗೆ ಫೋನು ಮಾಡಿದರೆ ಪಂಪು ತರಿಸಲು ಮೂರು ವಾರ ಎಂದರು.

ಮಾರನೆಯ ಸಂಜೆ ಕೊಳ ತುಂಬಿತ್ತು, ಒಂದು ಹನಿಯೂ ಸೋರುತ್ತಿರಲಿಲ್ಲ. ನೀರ ಮೇಲೆ ಎಲೆಗಳೂ ಎಂದಿನಂತೆ ಹಾಜರಿದ್ದವು. ಟೀಚರು ಅಂಚಿಗೆ ಬಂದು, ನೋಡಿ, ಮುಖ ಕಿವುಚಿ ಅಲ್ಲೇ ನಿಂತರು. ಮಾಸ್ಟರು ಅಡುಗೆಮನೆಗೆ ಹೋಗಿ ಹಿಟ್ಟಿನ ಜರಡಿ ತಂದರು. ಬಟ್ಟೆ ಅಳೆಯುವ ಕೋಲಿಗೆ ಅದನ್ನು ದಾರದಲ್ಲಿ ಬಿಗಿದು, ತಾವೇ ಮೊದಲು ನೀರಿಗಿಳಿದು, ಎದುರಿಗೆ ಬಂದ ಎಲೆ, ಕಡ್ಡಿ, ಹುಳ ಒಂದನ್ನೂ ಬಿಡದೆ ಬಾಚಿ ಆಚೆ ಎಸೆದರು.

"ಬಾ, ನನ್ನ ಹಿಂದೇನೇ ಬಾ."

ಟೀಚರು ಕಾಲಿಟ್ಟರು. ಮುಂದೆ ಜರಡಿ ಹಿಡಿದ ಮಾಸ್ಟರು, ಹಿಂದೆ ಸೊಂಟದ ಮೇಲೆ ಕೈ ಇಟ್ಟ ಟೀಚರು, ಅರ್ಧ ಗಂಟೆ ದುಂಡಗೆ ನಡೆದರು. ಮಾರನೆಯ ದಿನವೂ ನಡೆದರು. ಅದರ ಮಾರನೆಯ ದಿನವೂ. ಮಾಸ್ಟರು ಕೈಯಲ್ಲಿ ಎಲೆ ಬಾಚುತ್ತಾ, ಬಾಯಲ್ಲಿ ಆ ದಿನ ಬಂದ ಗಿರಾಕಿಗಳ ಸೊಂಟದ ಸುತ್ತಳತೆಯಿಂದ ಹಿಡಿದು ಅವರ ಮನೆಯ ಜಗಳದ ತನಕ ಒಂದೂ ಬಿಡದೆ ವರದಿ ಒಪ್ಪಿಸುತ್ತಿದ್ದರು. ಮೂರನೆಯ ವಾರ ಒಂದು ಬೆಳಿಗ್ಗೆ ಟೀಚರು ಶಾಲೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದರು. ಆ ಸುದ್ದಿ ಕೇಳಿದ ದಿನ ಮಾಸ್ಟರು ಅಂಗಡಿಗೆ ಅರ್ಧ ದಿನ ರಜೆ ಹಾಕಿದರು.

ಆ ಸಂಜೆಯೇ ಭಾಮೈದನ ಫೋನು ಬಂತು. ಟೀಚರು ನೀರಲ್ಲಿ ನಡೆಯುತ್ತಲೇ ಒದ್ದೆ ಕೈ ಒರೆಸಿಕೊಂಡು ಅಂಚಿನಲ್ಲಿದ್ದ ಫೋನು ಎತ್ತಿಕೊಂಡರು.

"ಅಕ್ಕಾ, ಪಂಪ್ ಬಂದಿದೆ. ನಾಳೆ ಬಂದು ಕೂಡಿಸ್ಲಾ?"

ಟೀಚರು ಮುಂದೆ ನೋಡಿದರು. ಮಾಸ್ಟರು ಜರಡಿ ಎತ್ತಿ, ಯಾರದೋ ಕೋಟಿನ ತೋಳಿನ ಕಥೆಯನ್ನು ಒಬ್ಬರೇ ಹೇಳಿಕೊಳ್ಳುತ್ತಾ ತಿರುವಿನಲ್ಲಿ ಸಾಗುತ್ತಿದ್ದರು.

"ಬೇಡ ಕಣೋ, ವಾಪಸ್ ಕಳಿಸ್ಬಿಡು," ಎಂದರು ಟೀಚರು. "ಈಗಿರೋ ಸ್ಕಿಮ್ಮರ್ ಪಂಪ್ ಇಲ್ದೇನೇ ಚೆನ್ನಾಗಿ ಓಡ್ತಿದೆ. ಸ್ವಲ್ಪ ಸದ್ದು ಜಾಸ್ತಿ, ಅಷ್ಟೇ."